ಸುಟ್ಟ ಬಿಲ್ಲೆಗಳ ಮೇಡಮ್ಮ

ಆಗ ನನಗೆ ಅರವತ್ತೊಂದು. ಈ ಮಾತಿಗೆ ಈಗ ಆರು ವರ್ಷವಾಯಿತು. ಆ ಹುಡುಗಿಯ ಬೆರಳ ತುದಿಗಳು ದಿನವಿಡೀ ರಬ್ಬರ್ ಕೈಗವಸಿನೊಳಗೆ ಬೆವೆತು, ಸಿಪ್ಪೆ ಎದ್ದು ಬಿಳಿಚಿಕೊಂಡಿರುತ್ತಿದ್ದವು. ನೋಡಿದರೆ ಹೇಸಿಗೆಯಾಗುತ್ತಿತ್ತು. ಹರಿಹರದ ಲೇತ್ ಕೆಲಸದ ಸಾಬರ ಮಗಳು. ದಾವಣಗೆರೆಯ ಕಾಲೇಜೊಂದರ ಲ್ಯಾಬಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ನಾನು ಅದೇ ಊರಿನ ಆನೆಕೊಂಡದಿಂದ ಹೋಗಿ ಅಲ್ಲಿ ಕಸ ಗುಡಿಸುತ್ತಿದ್ದೆ. ಅವಳನ್ನು ಮೇಡಮ್ಮ ಎಂದು ಕರೆಯುತ್ತಿದ್ದೆ.

ಉಗುರಗಲದ ಬಿಲ್ಲೆಯ ಮೇಲೆ ಸೀಸ ಬೆರೆತ, ಹುಳಿ ನಾರುವ ನೀರು ಹಾಕಿ, ಗಿರಗಿರ ತಿರುಗಿಸಿ ಸುಡುತ್ತಿದ್ದಳು. ಕಣ್ಣಿಗೆ ಸಿಗದಷ್ಟು ತೆಳು ಪದರ. ಅದರಲ್ಲಿ ಕರೆಂಟು ತುಂಬಿಡಬಹುದಂತೆ.

ಹೇಗೆಂದು ಕೇಳಿದರೆ ಹೇಳಿದಳು: "ಅದ್ರಾಗಿನ ಕಣಗಳು ಊಟದ ಪಂಕ್ತಿ ಇದ್ದಂಗಮ್ಮ. ಒಂದು ಸಾಲು ಈಕಡೆ ಮುಖ, ಪಕ್ಕದ್ದು ಆಕಡೆ. ಕರೆಂಟು ಏರಿಸಿದ್ರೆ ಎಲ್ಲಾ ಒಂದೇ ಕಡೆ ತಿರುಗ್ತಾವ. ಇಳಿಸಿದ್ರೆ ಮತ್ತೆ ಮೊದಲಿನಂಗೆ. ಆವಾಗ ತುಂಬಿದ್ದೆಲ್ಲ ಒಮ್ಮೆಗೇ ವಾಪಸ್ ಕೊಡ್ತಾವ."

ಒಂದು ದಿನ ಚೆಲ್ಲಿದ ಆ ನೀರನ್ನು ಬರಿಗೈಲಿ ಒರೆಸಿ ರೊಟ್ಟಿಗೆ ಕೂತಿದ್ದೆ. ಓಡಿಬಂದು ರೊಟ್ಟಿ ಕಿತ್ತೆಸೆದಳು. "ಸೀಸ ಐತೆ ಅದ್ರಾಗ! ಸಾಯ್ಬೇಕಂತ ಮಾಡೀರೇನು?" ಮೂರು ಸಲ ಸೋಪು ಹಚ್ಚಿ ನನ್ನ ಕೈ ತಿಕ್ಕಿದಳು. ತನ್ನದೇ ಒಂದು ಜೊತೆ ಕೈಗವಸು ಕೊಟ್ಟಳು.

ಅವಳ ಮೇಲಿನ ಸಾಹೇಬ ಲ್ಯಾಬಿನ ಬೇಸಿನ್ನಿಗೇ ಗುಟ್ಕಾ ಉಗಿಯುತ್ತಿದ್ದ. ತೊಳೆಯುವವಳು ನಾನು. ಒಮ್ಮೆ ಅವಳ ಕೆಲಸ ಪರೀಕ್ಷಿಸಲು ಹೊರಗಿನವರು ಮರುದಿನ ಬರುವವರಿದ್ದರು. ಕರೆಂಟು ಏರಿಸಿದಾಗ ಬಹಳ ಬಿಲ್ಲೆಗಳು ಸುಟ್ಟು ಕಪ್ಪಾಗಿದ್ದವು, ತಾಳಿಕೊಂಡದ್ದು ಎರಡೇ.

"ತಾಳಿದ್ದಷ್ಟೇ ತೋರ್ಸು" ಎಂದ ಸಾಹೇಬ.

"ಸುಟ್ಟವನ್ನೂ ಎಣಿಸ್ಬೇಕು ಸಾರ್. ಇಲ್ಲಂದ್ರೆ ಸುಳ್ಳಾಗ್ತತೆ."

"ನಿನ್ನ ಪಿಎಚ್.ಡಿ.ಗೆ ಸಹಿ ಹಾಕೋನು ನಾನು. ನೆನಪಿರ್ಲಿ."

ಅವಳು ಊಟಕ್ಕೆ ಹೋದಾಗ ಅವನು ನನ್ನನ್ನು ಕರೆದ. "ಏ ಮುದುಕಿ, ಆ ಸುಟ್ಟ ಬಿಲ್ಲೆ ಎಲ್ಲಾ ಕಸಕ್ಕೆ ಹಾಕು." ಹಾಕಿದೆ. ಸೀಸದ ಕಸದ ಡ್ರಮ್ಮಿಗೆ. ಅದನ್ನು ಒಯ್ಯುವ ಲಾರಿ ತಿಂಗಳಿಗೊಮ್ಮೆ ಬರುತ್ತಿತ್ತು. ಅವಳು ಬಂದು ಕೇಳಿದಾಗ "ಕಸಕ್ಕೆ ಹೋದವು" ಎಂದಷ್ಟೇ ಹೇಳಿದೆ. ಇನ್ನೂ ಡ್ರಮ್ಮಿನಲ್ಲೇ ಇವೆಯೆಂಬುದನ್ನು ಮುಚ್ಚಿಟ್ಟೆ. ಕೆಲಸ ಹೋದೀತೆಂಬ ಭಯ.

ಬೈಯಲಿಲ್ಲ. "ಹೋಗ್ಲಿ ಬಿಡ್ರಮ್ಮ. ನಿಮ್ಮ ಕೆಲಸನಾದ್ರೂ ಉಳೀಲಿ" ಎಂದಳು.

ಥೂ! ಆ ಬೇಸಿನ್ನಿಗಿಂತ ನನ್ನ ಬಾಯೇ ಹೊಲಸೆನಿಸಿತು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಹೋದೆ. ಅವಳು ಕೊಟ್ಟ ಕೈಗವಸು ತೊಟ್ಟು, ಡ್ರಮ್ಮಿಗೆ ಕೈ ಹಾಕಿ ಒಂದೊಂದೇ ಬಿಲ್ಲೆ ಹೆಕ್ಕಿ ಡಬ್ಬಿಗೆ ಹಾಕಿದೆ. ಹೊರಗಿನವರು ಬಂದು ಕೂತಮೇಲೆ ಡಬ್ಬಿಯನ್ನು ಸಾಹೇಬನ ಕಣ್ಣೆದುರೇ ಅವರ ಮುಂದಿಟ್ಟು, "ಇವೂ ಮೇಡಮ್ಮನವೇ. ಎಣಿಸ್ರಿ" ಎಂದೆ.