ಅಪ್ಪನ ಎಡಗಾಲಿನ ಚಪ್ಪಲಿ ಹಿಡಿದು ದೇವನಹಳ್ಳಿಗೆ

ಶ್ರಾವಣದ ಒಂದು ಭಾನುವಾರ ಬೆಳಿಗ್ಗೆ ಏಳೂವರೆಗೆ ಅಪ್ಪನ ಎಡಗಾಲಿನ ಚಪ್ಪಲಿ ಕದ್ದುಕೊಂಡು ಮನೆ ಬಿಟ್ಟೆ. ಕದ್ದೆ ಅನ್ನುವ ಮಾತು ಜೋರಾಯಿತೇನೋ, ಆದರೆ ನಡೆದದ್ದು ಅದೇ. ಅಪ್ಪ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದ. ಜಗಲಿ ಕೆಳಗಿದ್ದ ಜೋಡಿಯಲ್ಲಿ ಒಂದನ್ನು ಎತ್ತಿ, ಹಳೇ ಪೇಪರಿನಲ್ಲಿ ಸುತ್ತಿ, ಬ್ಯಾಗಿನ ತಳಕ್ಕೆ ತುರುಕಿ, "ದೊಡ್ಡಬಳ್ಳಾಪುರಕ್ಕೆ ಹೋಗಿ ಬರ್ತೀನಪ್ಪಾ, ಸ್ವಲ್ಪ ಕೆಲ್ಸ ಐತೆ" ಎಂದು ಕೂಗಿ ಹೊರಟೆ. ಎರಡೂ ತಗೊಂಡರೆ ಅವನು ಬರಿಗಾಲಲ್ಲಿ ಉಳಿಯುತ್ತಾನೆ, ಒಂದಾದರೂ ಇರಲಿ ಎಂದು ಆ ಹೊತ್ತಿನಲ್ಲಿ ನನಗೆ ಹೊಳೆದಿತ್ತು. ಇಪ್ಪತ್ತು ವರ್ಷ ಮೇಡಂ ಆಗಿ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳ ಬುದ್ಧಿ ಇದು.

ನಾನು ತ್ಯಾಮಗೊಂಡ್ಲಿಗೆ ಕೊಟ್ಟ ಹೆಣ್ಣು, ಅಲ್ಲೇ ಶಾಲೆಯಲ್ಲಿ ಕೆಲಸ. ತವರು ಸಾಸಲಿನ ಹತ್ತಿರ, ಶನಿವಾರ ಅಪ್ಪನನ್ನು ನೋಡಲು ಬಂದಿದ್ದೆ. ಮದುವೆಯಾದಾಗಿನಿಂದ ಪ್ರತಿ ಗೌರಿ ಹಬ್ಬಕ್ಕೂ ಅಪ್ಪನೇ ಬಸ್ ಹತ್ತಿ ಬಂದು ಬಾಗಿನ ಕೊಟ್ಟು ಹೋಗುತ್ತಿದ್ದ. ಅಣ್ಣನನ್ನು ಕಳಿಸಿದ್ದು ಒಂದು ವರ್ಷವೂ ಇಲ್ಲ. ಈ ಸಲ ಮಾತ್ರ, "ನಿಮ್ಮಣ್ಣ ಬರ್ತಾನೆ ಬುಡವ್ವ, ನಂಗಾಗಲ್ಲ" ಅಂದುಬಿಟ್ಟ. ಅಪ್ಪನಿಗೆ ಶುಗರ್ ಇದೆ. ಹೋದ ಚಳಿಗಾಲದಲ್ಲಿ ಪಾದದಲ್ಲಾದ ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡಬಾರದು, ಇನ್ನೊಂದು ಗಾಯವಾದರೆ ಬೆರಳು ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿದ್ದರು. ಕೇಳಬೇಕಲ್ಲ ಆಸಾಮಿ. ಹೊಲಕ್ಕೆ ಹೋಗುವಾಗ ಚಪ್ಪಲಿ ಕೈಯಲ್ಲಿರುತ್ತದೆ. "ಭೂಮ್ತಾಯಿ ಮೇಲೆ ಮೆಟ್ಟು ಹಾಕ್ಕೊಂಡು ತುಳೀಬಾರ್ದು" ಎನ್ನುತ್ತಾನೆ. ಸರಿ, ಹೊಲಕ್ಕಾದರೆ ಒಪ್ಪೋಣ. ಟಾರ್ ರಸ್ತೆಯಲ್ಲೂ ಚಪ್ಪಲಿ ಕೈಯಲ್ಲೇ. ಇದೂ ಭೂಮ್ತಾಯೇನಪ್ಪಾ ಎಂದು ಕೇಳಿದರೆ ಇನ್ನೂ ಬಿರುಸಾಗಿ ನಡೆಯುತ್ತಾನೆ.

ಇನ್ನೊಂದು ಹೊಸ ಅಭ್ಯಾಸವೂ ಅಂಟಿಕೊಂಡಿತ್ತು. ಚಪ್ಪಲಿ ಹಾಕಿಕೊಂಡು ನಡೆಯುವ ದಿನ ಹತ್ತು ಹೆಜ್ಜೆಗೊಮ್ಮೆ ಹಿಂದಕ್ಕೆ ತಿರುಗಿ ನೋಡುತ್ತಿದ್ದ. "ಯಾರಪ್ಪಾ ಹಿಂದೆ ಬರ್ತಿರೋದು, ಪೊಲೀಸರಾ?" ಎಂದು ನಾನೇ ರೇಗಿಸಿದ್ದೆ.

ಆಗಲೇ ಎರಡು ಜೊತೆ ಮೆತ್ತನೆ ಚಪ್ಪಲಿ ತಂದುಕೊಟ್ಟಿದ್ದೆ. ಎರಡೂ ಡಬ್ಬಿ ಸಮೇತ ಬೀರುವಿನ ಮೇಲೆ ಕುಳಿತಿದ್ದವು. ಅಪ್ಪನ ಪಾದ ಅಗಲ, ಅಳತೆ ಸರಿಯಾಗಿರಲಿಲ್ಲವೇನೋ ಅನ್ನಿಸಿ ಈ ಸಲ ಹಳೇದನ್ನೇ ಅಳತೆಗೆ ಹಿಡಿದು ಹೊರಟಿದ್ದೆ. ಅವನು ಹಾಕಿಕೊಂಡರೆ ಬಿಚ್ಚದೇ ಇರುವಂಥದ್ದು ಸಿಕ್ಕರೆ, ತ್ಯಾಮಗೊಂಡ್ಲಿಗೆ ಗೌರಿ ಹಬ್ಬಕ್ಕೂ ಬಂದಾನು ಅನ್ನುವುದು ನನ್ನ ಆಸೆ.

ನಮ್ಮೂರಿನಿಂದ ಗೇಟ್‌ಗೆ ಒಂದು ಕಿಲೋಮೀಟರ್ ನಡೆಯಬೇಕು. ಮುಖ್ಯರಸ್ತೆಗೆ ಊರಿನ ರಸ್ತೆ ಸೇರುವ ಜಾಗಕ್ಕೆ ನಮ್ಮ ಕಡೆ ಗೇಟ್ ಅಂತಲೇ ಹೆಸರು, ಗೇಟು ಮಾತ್ರ ಯಾರೂ ನೋಡಿದ್ದಿಲ್ಲ. ತುಂತುರು ಹನಿಯುತ್ತಿತ್ತು. ಎರಡೂ ಕಡೆ ರಾಗಿ ಪೈರು ಮೊಣಕಾಲುದ್ದ ಬಂದಿತ್ತು. ಎಂಟಕ್ಕೆ ಬಂದ ಬಸ್ಸಿನಲ್ಲಿ ಆಧಾರ್ ತೋರಿಸಿ ಫ್ರೀ ಟಿಕೆಟ್ ತಗೊಂಡೆ. ಕಿಟಕಿ ಪಕ್ಕ ಸೀಟೂ ಸಿಕ್ಕಿತು. ಸುಮಾರು ಒಂದು ಗಂಟೆಯ ದಾರಿ.

ದೊಡ್ಡಬಳ್ಳಾಪುರದಲ್ಲಿ ಇಳಿದು ತಟ್ಟೆ ಇಡ್ಲಿ ತಿಂದು ಕಾಫಿ ಕುಡಿಯುವಾಗ ಅತ್ತಿಗೆಯ ಫೋನ್ ಬಂತು. ನಮ್ಮಣ್ಣನ ಹೆಂಡತಿ ಜಯಮ್ಮ.

"ಶಾರದಾ, ಮಾವನ ಒಂದು ಚಪ್ಪಲಿ ಕಾಣಿಸ್ತಿಲ್ಲ ಕಣೆ. ನಾಯಿ ಎತ್ಕೊಂಡು ಹೋಯ್ತು ಅಂತಾರೆ."

"ಯಾವ ನಾಯಿ?"

"ಪಕ್ಕದ ಮನೇದಂತೆ. ಕಣ್ಣಾರೆ ನೋಡಿದ್ರಂತೆ."

ನನಗೆ ಕಾಫಿ ನೆತ್ತಿಗೇರಿತು. ಚಪ್ಪಲಿ ನನ್ನ ಕಾಲ ಬುಡದ ಬ್ಯಾಗಿನಲ್ಲಿ ಬೆಚ್ಚಗಿತ್ತು. ಸಂಜೆ ಹೊಸದು ಕೊಡುವಾಗ ಇದನ್ನೂ ಹೇಳಿ ನಗಿಸಬಹುದು ಅಂದುಕೊಂಡು ಬಾಯಿ ಬಿಡಲಿಲ್ಲ. ಆದರೆ ಅಪ್ಪ ಸುಳ್ಳು ಹೇಳುವ ಪೈಕಿ ಅಲ್ಲ. ಇಲ್ಲದ ನಾಯಿಯನ್ನು ಕಣ್ಣಾರೆ ಹೇಗೆ ನೋಡಿದ ಅನ್ನುವುದು ಮಾತ್ರ ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಹನ್ನೊಂದಕ್ಕೆ ಬಾಗಿಲು ತೆರೆಯುವ ತನಕ ಕಾದು ಪೇಟೆಯ ದೊಡ್ಡ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯವನು ಅಪ್ಪನ ಚಪ್ಪಲಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಇದನ್ನ ಎಸೆದುಬಿಡಿ ಮೇಡಂ, ಜೆಲ್ ಸೋಲ್ ಶೂ ಐತೆ, ನಡೆದ್ರೆ ಗಾಳಿ ಮೇಲೆ ನಡೆದಂಗಿರುತ್ತೆ" ಅಂದ. ನಮ್ಮಪ್ಪ ನೆಲದ ಮೇಲೆ ನಡೆದರೆ ಸಾಕು ಅಂದು ಕಿತ್ತುಕೊಂಡು ಎದ್ದು ಬಂದೆ. ಅಪ್ಪನ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದ ನರ್ಸಮ್ಮ ದೇವನಹಳ್ಳಿಯ ಚಪ್ಪಲಿ ಹೊಲಿಯುವ ಯಜಮಾನರೊಬ್ಬರ ಗುರುತು ಹೇಳಿದ್ದು ನೆನಪಾಯಿತು. ದೇವನಹಳ್ಳಿ ಬಸ್ಸು ಹೊರಡಲು ನಿಂತಿತ್ತು.

ಆ ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಮುಕ್ಕಾಲು ಗಂಟೆ ಕಂಬಿ ಹಿಡಿದು ನಿಂತೆ. ಮಳೆ ಬಿಟ್ಟು ಬಿಸಿಲು ಚುರುಗುಟ್ಟತೊಡಗಿತ್ತು. ದೇವನಹಳ್ಳಿ ಹತ್ತಿರವಾದಂತೆ ವಿಮಾನಗಳು ತೀರಾ ಕೆಳಗೆ ಹಾರುತ್ತಿದ್ದವು. ಬಸ್ಸಿನಲ್ಲಿ ಒಬ್ಬರೂ ತಲೆ ಎತ್ತಲಿಲ್ಲ, ನಾನೊಬ್ಬಳೇ ಬಗ್ಗಿ ಬಗ್ಗಿ ನೋಡಿದ್ದು. ಇಳಿದು, ಖಾರದಪುಡಿ ಉದುರಿಸಿದ ಚಕ್ಕೋತದ ತೊಳೆ ಒಂದು ಕಪ್ ತಿಂದೆ. ಚಕ್ಕೋತದವಳನ್ನೇ ಕೇಳಿದರೆ, "ಗಂಗಪ್ಪಣ್ಣನಾ? ಆ ಅರಳಿ ಮರದ ಕೆಳಗೆ ನೋಡಕ್ಕಾ" ಎಂದು ಕೈ ತೋರಿಸಿದಳು.

ಗಂಗಪ್ಪನವರಿಗೆ ಅಪ್ಪನಷ್ಟೇ ವಯಸ್ಸು. ನೀಲಿ ಟಾರ್ಪಾಲಿನ ಕೆಳಗೆ ಉಳಿ, ದಾರ, ಮೇಣ ಹರಡಿಕೊಂಡು ಕೂತಿದ್ದರು. ಚಪ್ಪಲಿಯನ್ನು ಎರಡೂ ಕೈಯಲ್ಲಿ ತಗೊಂಡು, ಕನ್ನಡಕ ಏರಿಸಿ, ಅಟ್ಟೆ ತಿರುಗಿಸಿ ನೋಡಿದರು. ಹೆಬ್ಬೆರಳು ತೂರಿಸುವ ಉಂಗುಷ್ಠ ಕಿತ್ತುಹೋಗಿದ್ದಕ್ಕೆ ಅಪ್ಪ ತಾನೇ ತಾಮ್ರದ ತಂತಿ ಸುತ್ತಿದ್ದ. ಅದನ್ನು ಸವರಿ ಸ್ವಲ್ಪ ನಕ್ಕರು.

"ಎಷ್ಟು ವರ್ಷದ್ದಮ್ಮ ಇದು?"

"ಎರಡು ವರ್ಷ ಆಗಿರ್ಬೇಕು."

"ನಡೆದಿರೋದು ಎರಡು ತಿಂಗ್ಳೂ ಇಲ್ಲ. ಹಿಮ್ಮಡಿ ಸವೆದೇ ಇಲ್ಲ ನೋಡಿ. ಸವೆದಿರೋದು ಇಲ್ಲಿ, ಬೆರಳು ತೂರಿಸಿ ಕೈಯಲ್ಲಿ ಹಿಡ್ಕೊಳ್ಳೋ ಜಾಗ."

"ಅದೇ ನಮ್ ಗೋಳು ಯಜಮಾನ್ರೇ. ಭೂಮ್ತಾಯಿ ಅಂತಾರೆ, ಹಟ."

"ಶುಗರ್ ಐತಾ?"

"ಐತೆ."

ಅವರು ಕೆಲಸ ಪಕ್ಕಕ್ಕಿಟ್ಟು ತಮ್ಮ ಕಾಲು ಮುಂದಕ್ಕೆ ಚಾಚಿದರು. ಚಪ್ಪಲಿಗೆ ಸೈಕಲ್ ಟ್ಯೂಬಿನ ಪಟ್ಟಿಯೊಂದನ್ನು ಹಿಮ್ಮಡಿ ಸುತ್ತ ಬರುವಂತೆ ಹೊಲಿದುಕೊಂಡಿದ್ದರು. "ನಂಗೂ ಐತೆ, ಹನ್ನೊಂದು ವರ್ಷದಿಂದ. ಪಾದ ಮರಗಟ್ಟಿರುತ್ತಮ್ಮ. ಚಪ್ಪಲಿ ಕಾಲಲ್ಲಿ ಐತಾ, ಜಾರಿ ಬಿದ್ದೋಯ್ತಾ, ಗೊತ್ತೇ ಆಗಲ್ಲ. ನಾವು ಪಾಡಿಗೆ ನಡ್ಕೊಂಡು ಹೋಗ್ತಿರ್ತೀವಿ. ಹಿಂದಿನೋರು ಕೂಗ್ತಾರೆ, ಯಜಮಾನ್ರೇ, ಚಪ್ಪಲಿ ಇಲ್ಲೇ ಬಿಟ್ಟು ಹೋದ್ರಿ ಅಂತ. ಒಂದ್ಸಲ ಆದ್ರೆ ನಗ್ಬಹುದು. ಬಸ್ ಸ್ಟ್ಯಾಂಡಲ್ಲಿ ನಾಲ್ಕು ಜನದ ಮುಂದೆ ಮೂರ್ನೇ ಸಲ ಕೂಗಿದ್ರೆ ಮಾನ ಹೋದಂಗಾಗುತ್ತೆ. ಮನೆಯೋರ ಹತ್ರ ಹೇಳೋಕೂ ನಾಚಿಕೆ. ಅದಕ್ಕಿಂತ ಕೈಯಲ್ಲಿ ಹಿಡ್ಕೊಂಡು ಹೋಗೋದು ವಾಸಿ ಅನ್ಸುತ್ತೆ." ಕಾಲು ಹಿಂದಕ್ಕೆಳೆದುಕೊಂಡು ಕೇಳಿದರು, "ನಿಮ್ಮಪ್ಪ ನಡೆಯುವಾಗ ತಿರುಗಿ ತಿರುಗಿ ನೋಡ್ತಾರಾ?"

ಹೂಂ, ಹತ್ತು ಹೆಜ್ಜೆಗೊಮ್ಮೆ ಅಂದೆ. ಹೋದ ವರ್ಷ ಗೌರಿ ಹಬ್ಬಕ್ಕೆ ಅಪ್ಪ ತ್ಯಾಮಗೊಂಡ್ಲಿನ ಬಸ್ಸಿಳಿದು ಬರಿಗಾಲಲ್ಲೇ ನಮ್ಮ ಮನೆಗೆ ಬಂದಿದ್ದ. ಚಪ್ಪಲಿ ಎಲ್ಲಪ್ಪಾ ಅಂದರೆ, ಕೆಸರು ಕಣವ್ವ ಅಂತ ಬಾಗಿನದ ಚೀಲ ತೋರಿಸಿದ್ದ. ಆವತ್ತು ಅಲ್ಲಿ ಒಂದು ಹನಿ ಮಳೆ ಬಿದ್ದಿರಲಿಲ್ಲ. ನಾನು ಆವತ್ತೂ ಬೈದಿದ್ದೆ.

ಆಮೇಲೆ ಆ ಇಲ್ಲದ ನಾಯಿ ನೆನಪಾಯಿತು. ಅತ್ತಿಗೆಗೆ ಫೋನ್ ಮಾಡಿದೆ.

"ಅಪ್ಪ ಎಲ್ಲವ್ರೆ ಅತ್ತಿಗೆ?"

"ಏನ್ ಹೇಳ್ಲಿ, ಬೆಳಿಗ್ಗೆಯಿಂದ ಹೊಲದ ದಾರಿ, ಗೇಟ್ ದಾರಿ ಅಂತ ಓಡಾಡ್ತಾನೇ ಅವ್ರೆ. ಕೇಳಿದ್ರೆ ನಾಯಿ ಎಲ್ಲಾದ್ರೂ ಹಾಕಿರುತ್ತೆ ಅಂತಾರೆ. ಬೀರು ಮೇಲಿಂದು ಹಾಕ್ಕೊಳ್ಳಿ ಅಂದ್ರೆ ಬೇಡವಂತೆ. ಊಟಾನೂ ಮಾಡಿಲ್ಲ."

ಬರಿಗಾಲಲ್ಲಿ, ಬೆಳಿಗ್ಗೆಯಿಂದ. ನಿನ್ನೆ ನನ್ನ ಬೈಗುಳಕ್ಕೆ ಚಪ್ಪಲಿ ಹಾಕಿಕೊಂಡೇ ಹೊಲ, ಗೇಟ್ ಅಂತ ಓಡಾಡಿದ್ದ. ಬರುವಾಗ ಒಂದು ದಾರಿಯಲ್ಲಿ ಜಾರಿ ಬಿದ್ದಿದೆ, ತನಗೆ ಗೊತ್ತೇ ಆಗಿಲ್ಲ ಎಂದು ಅವನು ನಂಬಿದ್ದ. ಅದನ್ನು ಮುಚ್ಚಿಕೊಳ್ಳಲು ನಾಯಿಯನ್ನು ಹುಟ್ಟಿಸಿದ್ದ. ಕಳ್ಳಿ ನಾನು ಇಲ್ಲಿ ಮರದ ಕೆಳಗೆ ಕೂತಿದ್ದೆ. "ಚಪ್ಪಲಿ ನನ್ ಹತ್ರ ಐತೆ, ಅಳತೆಗೆ ತಂದಿದ್ದೀನಿ, ಈಗ್ಲೇ ಹೋಗಿ ಹೇಳಿ" ಅಂದೆ. ಅತ್ತಿಗೆ ಬೈದುಕೊಂಡೇ ಹೋದಳು. ಹತ್ತು ನಿಮಿಷಕ್ಕೆ ಅವಳೇ ಫೋನ್ ಮಾಡಿದಳು. "ನಂಬ್ತಿಲ್ಲ ಶಾರದಾ. 'ನನ್ ಸಮಾಧಾನಕ್ಕೆ ಅವ್ಳು ಹಂಗಂತಾಳೆ, ಹೊಸದೊಂದು ತಂದು ಕೊಡ್ತಾಳೆ ಅಷ್ಟೆ' ಅಂದ್ರು. ತಿರ್ಗಾ ಗೇಟ್ ಕಡೆ ಹೋದ್ರು."

ಗಂಗಪ್ಪನವರು ಪಕ್ಕದ ಅಂಗಡಿಯಿಂದ ತಾವೇ ಅಗಲ ಪಾದದ ಮೆತ್ತನೆ ಚಪ್ಪಲಿ ಆರಿಸಿ ತಂದರು. ಹಿಂದೆ ಪಟ್ಟಿ ಇರುವ ಸ್ಯಾಂಡಲ್ಲೇ ತಗೋಬಹುದಲ್ಲ ಅಂದೆ. "ಅಂಗಡಿ ಪಟ್ಟಿ ಗಟ್ಟಿ ಇರುತ್ತಮ್ಮ, ಹಿಮ್ಮಡಿ ಉಜ್ಜಿ ಗಾಯ ಮಾಡಿದ್ರೂ ಅವ್ರಿಗೆ ಗೊತ್ತಾಗಲ್ಲ" ಅಂದರು. ಒಳಗಡೆ ಸ್ಪಂಜು ಇಟ್ಟು, ಮೇಲೆ ಮೆದು ಚರ್ಮ ಹೊದಿಸಿ ಹಿಮ್ಮಡಿಗೆ ಪಟ್ಟಿ ಮಾಡಿ, ಶಾಲೆ ಬ್ಯಾಗಿಗೆ ಇರುತ್ತದಲ್ಲ, ಚರ್ ಎಂದು ಬಿಡಿಸುವ ಅಂಟುಪಟ್ಟಿ, ಅದನ್ನು ತುದಿಗೆ ಹೊಲಿದರು. ಒಂದು ಗಂಟೆ ಹಿಡಿಯಿತು. ಬೇಗ ಬೇಗ ಎಂದು ನಾನು ಎರಡು ಸಲ ಹೇಳಿದೆ, ಅವರು ಒಂದು ಹೊಲಿಗೆಯನ್ನೂ ಬೇಗ ಹಾಕಲಿಲ್ಲ. ಕೂಲಿ ಇನ್ನೂರು ರೂಪಾಯಿ. ಹೆಚ್ಚು ಕೊಡಲು ಹೋದರೆ ಬೇಡವೆಂದರು. "ನಿಂಗೆ ಗೊತ್ತಾಗಿದೆ ಅಂತ ಅವ್ರ ಮುಂದೆ ದೊಡ್ಡದು ಮಾಡ್ಬೇಡ ತಾಯಿ, ಅಷ್ಟೆ" ಅಂದರು.

ಬರುವಾಗಿನ ದಾರಿ ನನಗೆ ನೆನಪಿಲ್ಲ. ದೊಡ್ಡಬಳ್ಳಾಪುರದಲ್ಲಿ ಸಾಸಲಿನ ಬಸ್ಸಿಗೆ ಮುಕ್ಕಾಲು ಗಂಟೆ ಕಾದದ್ದೊಂದು ನೆನಪಿದೆ. ನಮ್ಮೂರ ಗೇಟಿನಲ್ಲಿ ಇಳಿದಾಗ ಐದು ಗಂಟೆಯಾಗಿತ್ತು. ಅಪ್ಪ ಮೋರಿ ಕಟ್ಟೆಯ ಮೇಲೆ ಕೂತಿದ್ದ. ಪಾದ ಪೂರ್ತಿ ಮಣ್ಣು. ಬಲಗಾಲಿನ ಚಪ್ಪಲಿ ಪಕ್ಕದಲ್ಲಿತ್ತು.

"ಮಳೆ ಬರೋ ಹಂಗಿತ್ತು, ನಿಂಗೆ ಕೊಡೆ ತಂದೆ" ಅಂದ. ಕೈಯಲ್ಲಿ ಕೊಡೆ ಇರಲಿಲ್ಲ.

"ಅಪ್ಪಾ, ಬೆಳಿಗ್ಗೆ ನಿನ್ ಚಪ್ಪಲಿ ಎತ್ಕೊಂಡು ಹೋದೋಳು ನಾನೇ."

"ಜಯಮ್ಮನೂ ಅಂಗೇ ಅಂದ್ಲು. ಇರ್ಲಿ ಬುಡು ಮಗಾ."

ಬ್ಯಾಗಿನಿಂದ ಪೇಪರ್ ಬಿಚ್ಚಿ ಅವನ ತೊಡೆಯ ಮೇಲಿಟ್ಟೆ. ಅಪ್ಪ ಅದನ್ನೇ ನೋಡುತ್ತಾ ಕೂತ. ತಾನು ಸುತ್ತಿದ್ದ ತಾಮ್ರದ ತಂತಿಯ ಮೇಲೆ ಬೆರಳಾಡಿಸಿದ.

"ಎಲ್ಲಿತ್ತು?"

"ಜಗಲಿ ಕೆಳಗೆ."

"ರೋಡಲ್ಲಿ ಅಲ್ವಾ?"

"ಅಲ್ಲಪ್ಪಾ. ಜೊತೆಲೇ ಇತ್ತು."

"ಅಂಗಾರೆ ನಿನ್ನೆ ನಾನು ಎರಡೂ ಹಾಕ್ಕೊಂಡೇ ಮನೆಗೆ ಬಂದಿದ್ದೀನಿ."

"ಹೂಂ, ಎರಡೂ ಹಾಕ್ಕೊಂಡೇ ಬಂದಿದ್ದೀಯ."

ಅಪ್ಪ ಟವೆಲಿನಲ್ಲಿ ಮುಖ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ. "ಕಾಲಿಂದ ಬಿದ್ದಿದ್ದೂ ಗೊತ್ತಾಗ್ದಂಗೆ ಆಗ್ಬಿಟ್ನಲ್ಲಪ್ಪ ಅಂತ ಬೆಳಿಗ್ಗೆಯಿಂದ ಹುಡುಕ್ದೆ ಕಣವ್ವ. ಎರಡು ಸಲ ಅಂಗೆ ಆಗಿತ್ತು. ಇದು ಮೂರ್ನೇದು ಅಂದ್ಕೊಂಡೆ."

ತಪ್ಪಾಯಿತು ಕಣಪ್ಪ ಅಂದೆ. ನನಗೆ ಅಳು ಬಂತು, ಅತ್ತುಬಿಟ್ಟೆ. ಬಾಟಲಿಯಲ್ಲಿದ್ದ ನೀರಿನಿಂದ ಅವನ ಪಾದ ತೊಳೆದೆ. ಎಡಗಾಲಿನ ಹಿಮ್ಮಡಿಯ ಪಕ್ಕದಲ್ಲಿ ಜಾಲಿಮುಳ್ಳೊಂದು ಅರ್ಧ ಒಳಗೆ ಹೋಗಿತ್ತು. ಅಪ್ಪನಿಗೆ ಅದು ಗೊತ್ತೇ ಇರಲಿಲ್ಲ. ಕಿತ್ತು ತೋರಿಸಿದೆ, ಅವನೂ ನೋಡಿದ. ಪಾದ ಒರೆಸಿ ಹೊಸ ಚಪ್ಪಲಿ ತೊಡಿಸಿ ಹಿಂದಿನ ಪಟ್ಟಿ ಅಂಟಿಸಿದೆ. ಎದ್ದು ನಿಂತು ಕಾಲನ್ನು ಝಾಡಿಸಿ ನೋಡಿದ. ಚಪ್ಪಲಿ ಅಲ್ಲಾಡಲಿಲ್ಲ.

"ಇಸ್ಕೂಲ್ ಹುಡುಗ್ರು ಥರ ಆಯ್ತಲ್ಲೇ" ಅಂದ. ಆ ಚರ್ ಸದ್ದು ಇಷ್ಟವಾಯಿತೇನೋ, ಮನೆ ತಲುಪುವಷ್ಟರಲ್ಲಿ ನಿಂತು ನಿಂತು ಎರಡು ಸಲ ಬಿಚ್ಚಿ ಅಂಟಿಸಿದ. ಮುಳ್ಳು ಚುಚ್ಚಿದ ಜಾಗಕ್ಕೆ ಅತ್ತಿಗೆ ಔಷಧಿ ಹಚ್ಚಿದಳು. ನಾಳೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ ಅಂದ ಅಣ್ಣ.

ಸೋಮವಾರ ಶಾಲೆಗೆ ಹೊತ್ತಾಗಬಾರದೆಂದು ಮೊದಲ ಬಸ್ಸಿಗೇ ಹೊರಟೆ. ಬೇಡವೆಂದರೂ ಅಪ್ಪ ಗೇಟ್ ತನಕ ಬಂದ. ಬಸ್ ಕಾಣಿಸಿದಾಗ, "ತ್ಯಾಮಗೊಂಡ್ಲಿಗೆ ಮಧ್ಯಾಹ್ನದ ಬಸ್ ಎಷ್ಟೊತ್ತಿಗೈತೆ, ವಿಚಾರ್ಸಿ ಹೇಳು. ಹಬ್ಬದ ಹಿಂದಿನ ದಿನ ಬರ್ತೀನಿ" ಅಂದ. ಅಣ್ಣ ಬರ್ತಾನಂತಲ್ಲ ಅಂದೆ. "ಅವ್ನಿಗೇನ್ ಗೊತ್ತಾಗುತ್ತೆ ಬಾಗಿನ ಕೊಡೋದು" ಅಂದು ನನ್ನ ಬ್ಯಾಗನ್ನು ಬಸ್ಸಿನೊಳಗಿಟ್ಟ.

ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದೆ. ಅಪ್ಪ ಆಗಲೇ ಊರಿನ ಕಡೆ ನಡೆಯಲು ಶುರು ಮಾಡಿದ್ದ. ಹತ್ತು ಹೆಜ್ಜೆ ಎಣಿಸಿದೆ. ಆಮೇಲೆ ಇಪ್ಪತ್ತು. ಬಸ್ಸು ತಿರುವು ದಾಟುವ ತನಕವೂ ಕೈ ಬೀಸೋಣವೆಂದು ಕಾದೆ, ಅಪ್ಪ ಒಂದು ಸಲವೂ ಹಿಂದಕ್ಕೆ ತಿರುಗಲಿಲ್ಲ.