ಗಾಯ ಮಾಯಿತೆಂದು ಹೇಳಲು ಯಾರೂ ಬರುವುದಿಲ್ಲ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕ, ಬೋರ್ಡಿಲ್ಲದ ಒಂದು ಬಾಗಿಲು ತೆರೆಯುತ್ತದೆ. ಗಾಯ ತೊಳೆದು ಪಟ್ಟಿ ಕಟ್ಟುವ ಡ್ರೆಸ್ಸರ್ ಒಳಗೆ ಹೋಗಿ ದೀಪ ಹಾಕುತ್ತಾರೆ, ಹಸಿರು ಪರದೆ ಎಳೆಯುತ್ತಾರೆ, ಉಪ್ಪುನೀರಿನ ಬಾಟಲಿಯನ್ನು ಎರಡು ಅಂಗೈಗಳ ನಡುವೆ ಹಿಡಿದು ಬೆಚ್ಚಗೆ ಮಾಡುತ್ತಾರೆ. ತಣ್ಣನೆಯ ನೀರು ತಾಗಿದರೆ ಹೆದರಿ ಬಂದವನು ಇನ್ನಷ್ಟು ಮುದುಡಿಕೊಳ್ಳುತ್ತಾನೆ, ಅದಕ್ಕೆ. ಹೊರಗೆ ಗೋಡೆಗೆ ಒರಗಿ ಮೂವರು ನಿಂತಿದ್ದಾರೆ, ಒಬ್ಬರಿಂದೊಬ್ಬರು ಹತ್ತು ಅಡಿ ದೂರ. ಮೂವರೂ ಬೇರೆ ಯಾವುದೋ ಕೆಲಸಕ್ಕೆ ಬಂದವರ ಹಾಗೆ ಆಕಾಶ ನೋಡುತ್ತಿದ್ದಾರೆ.

ಈ ಕೋಣೆಗೆ ಬರುವುದು ಗಂಡಸರ ಗುಪ್ತಾಂಗದ ಸಣ್ಣಪುಟ್ಟ ಗಾಯಗಳು. ಪ್ಯಾಂಟಿನ ಜಿಪ್ಪಿಗೆ ಸಿಕ್ಕಿದ ಚರ್ಮ, ಬ್ಲೇಡು ತಾಗಿದ ಗೆರೆ, ದಿನವಿಡೀ ಕೂತು ಬೆವರಿ ಉಜ್ಜಿದ ಉರಿ, ಬಾಯಿಬಿಟ್ಟ ಬಿರುಕು. ಕೈಮೇಲೆ ಆಗಿದ್ದರೆ ತಿರುಗಿಯೂ ನೋಡದಷ್ಟು ಸಣ್ಣವು. ಇಪ್ಪತ್ತಾರು ವರ್ಷದಿಂದ ದಿನಕ್ಕೆ ಎಂಟೋ ಹತ್ತೋ ಮಂದಿ, ಸೋಮವಾರ ಹದಿನೈದು. ಡಾಕ್ಟರು ಒಂಬತ್ತಕ್ಕೆ ಬರುತ್ತಾರೆ. ಅಷ್ಟರೊಳಗೆ ಮುಕ್ಕಾಲು ಜನ ಬಂದು ಹೋಗಿರುತ್ತಾರೆ, ಕತ್ತಲು ಪೂರ್ತಿ ಹರಿಯುವ ಮೊದಲೇ.

“ಹತ್ತು ದಿನದಲ್ಲಿ ಮಾಯೋದನ್ನ ತಿಂಗಳುಗಟ್ಟಲೆ ಎಳೆಯೋದು ಇವರೇ” ಎನ್ನುತ್ತಾರೆ ಡ್ರೆಸ್ಸರ್. “ಬೆಳಗ್ಗೆ ಒಂದ್ಸಲ ಬಿಡಿಸಿ ನೋಡ್ತಾರೆ, ಮಧ್ಯಾಹ್ನ ಒಂದ್ಸಲ. ಬಿತ್ತಿದ ಬೀಜಾನ ದಿನಾ ಕೆದಕಿ ನೋಡಿದ್ರೆ ಮೊಳಕೆ ಬರುತ್ತಾ?”

ನೆಲ ಒರೆಸುವ ಫಿನಾಯಿಲಿನಲ್ಲಿ ತೊಳೆದುಕೊಂಡು ಬಂದವನೊಬ್ಬ. ಗೆಳೆಯ ಕೊಟ್ಟ ಮುಲಾಮು ಹಚ್ಚಿ ಚರ್ಮ ಸುಲಿದುಕೊಂಡವನೊಬ್ಬ. ಗೆಳೆಯನ ಹತ್ತಿರ ಅವನು ಹೇಳಿದ್ದು ಹಿಮ್ಮಡಿ ಒಡೆದಿದೆ ಅಂತ. ಡ್ರೆಸ್ಸರ್ ಯಾರನ್ನೂ ಬೈಯುವುದಿಲ್ಲ. ಬರೀ ನೀರಲ್ಲಿ ತೊಳೆಯಿರಿ, ಉಜ್ಜದೆ ಒತ್ತಿ ಒರೆಸಿ, ಸಡಿಲ ಹತ್ತಿ ಬಟ್ಟೆ ಹಾಕಿ, ಆಮೇಲೆ ಅದರ ಪಾಡಿಗೆ ಬಿಡಿ. ಎರಡು ಮೂರು ವಾರಕ್ಕೂ ಮಾಯದಿದ್ದರೆ ಡಾಕ್ಟರಿಗೆ ತೋರಿಸಿ. ಇಷ್ಟೇ ಮಾತು.

ಬೈಯಬೇಕಾದವನು ಇದನ್ನು ಬರೆಯುತ್ತಿರುವ ನಾನು, ಬೈಯುತ್ತೇನೆ. ಮೀಸೆ ತಿರುವಲು ಮುಂದೆ ಬರುವ ನಾವು, ಉಗುರಷ್ಟು ಚರ್ಮ ಹರಿದರೆ ಆಸ್ಪತ್ರೆಯ ಪುಸ್ತಕದಲ್ಲಿ ಸುಳ್ಳು ಹೆಸರು ಬರೆಸುತ್ತೇವೆ. ಹುಣ್ಣು ತೊಳೆದ ಕೈಯನ್ನು ಬೀದಿಯಲ್ಲಿ ಕಂಡರೆ ಹಾದಿ ಬದಲಿಸುತ್ತೇವೆ. ನಾನೂ ಇಲ್ಲಿ ಸುಳ್ಳು ಹೆಸರು ಬರೆಸಿದವನೇ. ತರಕಾರಿ ಅಂಗಡಿಯಲ್ಲಿ ಈ ಡ್ರೆಸ್ಸರನ್ನು ಕಂಡು ಕಂಬದ ಹಿಂದೆ ನಿಂತವನೇ.

ಆಸ್ಪತ್ರೆಯವರೂ ಕಡಿಮೆಯಿಲ್ಲ. ಊಟಕ್ಕೆ ಕೂತಾಗ ಇವರ ಡಬ್ಬಿ ಕಂಡರೆ ಸಾಕು, “ಏನಪ್ಪಾ, ಕೈ ತೊಳ್ಕೊಂಡ್ಯಾ?” ಎಂದು ಯಾರಾದರೂ ಕೇಳುತ್ತಾರೆ. ಇಪ್ಪತ್ತಾರು ವರ್ಷ ಅದೇ ಜೋಕು. ಈಗ ಇವರು ಪರದೆಯ ಈಚೆ, ಕಿಟಕಿಯ ಹತ್ತಿರ ಸ್ಟೂಲು ಹಾಕಿಕೊಂಡು ಒಬ್ಬರೇ ಉಣ್ಣುತ್ತಾರೆ. ಕಿಟಕಿಯಿಂದ ಕಾಣುವುದು ಕಾಂಪೌಂಡ್ ಗೋಡೆ. ಅದರಾಚೆ ರಸ್ತೆ ಇದೆ, ಕೇಳಿಸುತ್ತದೆ ಅಷ್ಟೇ. ಮನೆಯಲ್ಲಿ ಹೆಂಡತಿ, ಯಾರಾದರೂ ಕೇಳಿದರೆ ಆಸ್ಪತ್ರೆ ಅಂದರೆ ಸಾಕು, ಯಾವ ಕೋಣೆ ಅಂತ ಬಿಡಿಸಿ ಹೇಳಬೇಡಿ ಎಂದು ತಾಕೀತು ಮಾಡಿದ್ದಾರೆ.

“ಅದಕ್ಕೆಲ್ಲ ಬೇಜಾರಿಲ್ಲ” ಎನ್ನುತ್ತಾರೆ. “ವಾಪಸ್ ಬಂದ ಅಂದ್ರೆ ಮಾಯ್ಲಿಲ್ಲ ಅಂತ. ಮಾಯ್ತು ಅಂತ ಹೇಳೋಕೆ ಒಬ್ನೂ ಬಂದಿಲ್ಲ. ನಾನು ಕಂಡಿದ್ದೆಲ್ಲ ಬರೀ ಹಸಿ ಗಾಯ.”

ಕಳೆದ ವರ್ಷ ಒಬ್ಬರು ಬಸ್ ಡ್ರೈವರ್ ಬಂದಿದ್ದರು. ಚರ್ಮದ ತುದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು. ಕೂಡಿಕೊಳ್ಳುತ್ತವೆ, ಮತ್ತೆ ಒಡೆಯುತ್ತವೆ, ಆರು ವಾರದಿಂದ ಇದೇ ಕಥೆ. ಡ್ರೆಸ್ಸರಿಗೆ ಅನುಮಾನ ಬಂದು ಡಾಕ್ಟರಿಗೆ ಹೇಳಿ ರಕ್ತ ಪರೀಕ್ಷೆ ಮಾಡಿಸಿದರು. ಮರುದಿನ ಚೀಟಿ ಬಂತು, ಸಕ್ಕರೆ ನಾನೂರರ ಹತ್ತಿರ. ಡ್ರೈವರ್ ಬರಲಿಲ್ಲ. ಪುಸ್ತಕದಲ್ಲಿದ್ದ ಹೆಸರು ಸುಳ್ಳು, ಫೋನ್ ನಂಬರಿಗೆ ಒಂದು ಅಂಕಿ ಕಮ್ಮಿ. ಬರದವರನ್ನು ಎಲ್ಲಿಂದ ತರೋಣ ಎಂದು ಡಾಕ್ಟರು ಚೀಟಿಯನ್ನು ಫೈಲಿಗೆ ಸೇರಿಸಲು ಹೇಳಿದರು. ಇವರು ಅದನ್ನು ಜೇಬಿಗೆ ಸೇರಿಸಿದರು.

“ಐವತ್ತು ಜನರನ್ನ ಕೂರಿಸ್ಕೊಂಡು ಓಡಿಸೋ ಮನುಷ್ಯ. ದಾರೀಲಿ ಕಣ್ಣು ಮಂಜಾದ್ರೆ?”

ಡಿಪೋಗೆ ಹೋಗಿ ವಿಚಾರಿಸಬಹುದಿತ್ತಲ್ಲ ಎಂದೆ. ನನ್ನನ್ನೇ ದುರುಗುಟ್ಟಿ ನೋಡಿದರು. “ಹೋಗಿ ಏನಂತ ಕೇಳ್ಲಿ? ಎಲ್ಲಿ ಗಾಯ ಆದ ಡ್ರೈವರ್ ಅಂತ ಕೇಳ್ಲಿ?”

ಹಾಗಾಗಿ ಡ್ಯೂಟಿ ಮುಗಿದ ಮೇಲೆ ಬಸ್ ಹತ್ತತೊಡಗಿದರು. ಮುಂದಿನ ಬಾಗಿಲಲ್ಲಿ ಹತ್ತುವುದು, ಡ್ರೈವರನ ಮುಖ ನೋಡುವುದು, ಮುಂದಿನ ಸ್ಟಾಪಿನಲ್ಲಿ ಇಳಿಯುವುದು. ಹೆಂಡತಿ ಇವರಿಗೆ ಅರಳುಮರಳು ಹಿಡಿಯಿತೆಂದುಕೊಂಡರು. ಹತ್ತೊಂಬತ್ತನೇ ದಿನ ಆ ಮುಖ ಸಿಕ್ಕಿತು. ಕನ್ನಡಿಯಲ್ಲಿ ಕಣ್ಣು ಕೂಡಿದವು, ಡ್ರೈವರ್ ಮುಖ ತಿರುಗಿಸಿದರು. ಇವರು ಇಳಿಯಲಿಲ್ಲ. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದು ಕಂಡಕ್ಟರ್ ಟೀ ಕುಡಿಯಲು ಹೋದ ಮೇಲೆ ಬಸ್ಸಿನಲ್ಲಿ ಇಬ್ಬರೇ ಉಳಿದರು.

“ನಿಮ್ಮನ್ನ ನಾನು ನೋಡೇ ಇಲ್ಲ” ಎಂದರಂತೆ ಡ್ರೈವರ್, ಸ್ಟೇರಿಂಗ್‌ನಿಂದ ಕೈ ತೆಗೆಯದೆ.

“ನಾನೂ ನಿಮ್ಮನ್ನ ನೋಡಿಲ್ಲ ಯಜಮಾನ್ರೇ. ಗಾಯದ ಮಾತೇ ಬೇಡ. ನಿಮಗಿರೋದು ಸಕ್ಕರೆ ಕಾಯಿಲೆ. ಅದನ್ನ ಮನೆಯೋರಿಗೂ ಹೇಳ್ಬಹುದು, ಊರಿಗೂ ಹೇಳ್ಬಹುದು. ಅದಕ್ಕೆ ಮಾತ್ರೆ ತಗೊಳ್ಳಿ, ಇದು ತಾನಾಗಿ ಮಾಯುತ್ತೆ.”

ಡ್ರೈವರ್ ಇವರು ಚಾಚಿದ ಚೀಟಿ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಈ ಕೋಣೆಗೆ ಮತ್ತೆ ಕಾಲಿಡಲಿಲ್ಲ. ಮಾತ್ರೆ ತೆಗೆದುಕೊಂಡರೋ ಚೀಟಿ ಹರಿದು ಎಸೆದರೋ, ಹೇಳುವವರು ಯಾರಿದ್ದಾರೆ.

ಮೂವರಲ್ಲಿ ಮೊದಲನೆಯವನು ಪರದೆ ಸರಿಸಿ ಒಳಗೆ ಬರುತ್ತಾನೆ. ಡ್ರೆಸ್ಸರ್ ಕೈ ತೊಳೆಯುತ್ತಾ ಗಡಿಯಾರ ನೋಡುತ್ತಾರೆ. ಆರೂ ಹತ್ತು. ಗೋಡೆಯಾಚೆ ಒಂದು ಬಸ್ಸು ನಿಧಾನವಾಗುತ್ತದೆ. ಪೋಂ ಪೋಂ, ಎರಡೇ ಸಲ, ಮೆಲ್ಲಗೆ. ಆಮೇಲೆ ಹೊರಟುಹೋಗುತ್ತದೆ. ಹೊರಗೆ ನಿಂತ ಇಬ್ಬರೂ ಬೆಚ್ಚಿ ತಲೆ ತಗ್ಗಿಸುತ್ತಾರೆ.

ನಾಲ್ಕು ತಿಂಗಳಿಂದ ದಿನಾ ಹೀಗೇ ಅಂತೆ, ವಾರದಲ್ಲಿ ಒಂದು ರಜೆಯ ದಿನ ಬಿಟ್ಟು.

ಆ ಡ್ರೈವರೇನಾ, ಎಂದು ಕೇಳುತ್ತೇನೆ.

“ಯಾರಿಗ್ಗೊತ್ತು. ಆಸ್ಪತ್ರೆ ಹತ್ರ ಹಾರ್ನ್ ಹೊಡೀಬಾರ್ದು ಅಂತ ಅಷ್ಟು ದೊಡ್ಡ ಬೋರ್ಡಿದೆ” ಎನ್ನುತ್ತಾ ಡ್ರೆಸ್ಸರ್ ಬಾಟಲಿಯನ್ನು ಮತ್ತೆ ಅಂಗೈಗಳ ನಡುವೆ ಹಿಡಿಯುತ್ತಾರೆ. ಪರದೆ ಎಳೆಯುವ ಮೊದಲು, ಗೋಡೆಗೆ ಹೇಳುವ ಹಾಗೆ, ಇನ್ನೊಂದು ಮಾತು.

“ಮಾಯ್ತು ಅನ್ಸುತ್ತೆ.”