ಚೀಲ ಬಿಚ್ಚೋ ಕೈಗೆ ಸಿಕ್ಕಿದ ನನ್ನ ಹೊಟ್ಟೆ

ಸಾಗರದ ಡಾಕ್ಟ್ರು ನನ್ನ ಹೊಟ್ಟೆಗೆ ನೂರಾ ಒಂದು ಹೊಲಿಗೆ ಹಾಕಿದ್ರು. ಈ ತಾಲೂಕಲ್ಲೇ ಅಷ್ಟು ಹೊಲಿಗೆ ಬಿದ್ದ ಹೆಂಗ್ಸು ಇನ್ನೊಬ್ಳಿಲ್ಲ. ಅರ್ಧ ಸುಳ್ಳು, ಒಪ್ಕತೀನಿ. ಹೊಲಿಗೆ ಬಿದ್ದಿದ್ದು ನಿಜ, ನೂರು ಸುಳ್ಳು. ಎರಡು ಕೈ ಬೆರಳೇ ಜಾಸ್ತಿ ಆಗ್ತಿತ್ತು. ಆದ್ರೆ ಆ ಹೊಲಿಗೆ ಬಿಚ್ಚಿದ ಕನ್ನಮ್ಮನ ವಿಷ್ಯದಲ್ಲಿ ಸುಳ್ಳು ಹುಡುಕ್ಬೇಡಿ. ಸಿಗಲ್ಲ. ಸಿಕ್ರೂ ಸಣ್ಣದು.

ಬೆಳಕು ಹರಿಯೋ ಹೊತ್ತಿಗೆ, ಜನರನ್ನ ಹೊಳೆ ದಾಟ್ಸೋ ಲಾಂಚ್ ನಿಲ್ತದಲ್ಲ, ಆ ತುಮರಿ ಕಡೆ ದಡಕ್ಕೆ ಬನ್ನಿ. ಅಕ್ಕಿ ಅಂಗಡಿ ಬಾಗ್ಲಲ್ಲಿ ಕಾಲು ಚಾಚ್ಕಂಡು ಕೂತಿರ್ತಾಳೆ. ತೊಡೆ ಮೇಲೆ ಗೋಣಿಚೀಲ, ಬಾಯಲ್ಲಿ ದಬ್ಬಣ. ಚೀಲದ ಬಾಯಿ ಹೊಲಿಗೆ ತುದಿಯಲ್ಲಿ ಒಂದು ಗಂಟಿರ್ತದೆ. ಅದನ್ನ ಕುಯ್ದು, ದಾರ ಬೆರಳಿಗೆ ಸುತ್ತಿ ಎಳೀತಾಳೆ. ಸರ್ರಂತ ಪೂರಾ ದಾರ ಒಂದೇ ಎಳೆಗೆ ಬರ್ತದೆ, ತುಂಡಾಗಲ್ಲ. ಅದೇ ದಾರದಲ್ಲಿ ಹರಿದ ಚೀಲ ಹೊಲೀತಾಳೆ. ದಿನಕ್ಕೆ ಸಾವಿರ ಚೀಲ. ಹೋಗ್ಲಿ, ಐವತ್ತು ಅಂತ ಬರ್ಕಳಿ.

ಮುಂಚೆ ಅವಳಿಗೂ ಗದ್ದೆ ಇತ್ತು. ಡ್ಯಾಮ್ ಕಟ್ಟಿದಾಗ ಮುಳುಗಡೇಲಿ ಹೋಯ್ತು. ಗಂಡನೂ ಅದೇ ಕೊರಗಲ್ಲಿ ಹೋದ. "ಲಾಂಚ್ ತಿರುಗ್ತದಲ್ಲ ಅಕ್ಕ, ಅದ್ರ ಕೆಳಗೇ ನಮ್ಮ ಗದ್ದೆ" ಅಂತಾಳೆ, ಚೀಲದಿಂದ ಕಣ್ಣೆತ್ತದೆ.

ಹೋದ ಮಳೆಗಾಲ ನಂಗೆ ಹೊಟ್ಟೇಲಿ ಕರುಳಿಂದೆಂತದೋ ಬಾತ್ಕಂಡು ಸಾಗರದಲ್ಲಿ ಆಪರೇಷನ್ ಆಯ್ತು. "ಎಂಟು ದಿನ ಬಿಟ್ಟು ಬಾ, ಹೊಲಿಗೆ ಬಿಚ್ತೀವಿ. ಮರೀಬೇಡ, ಬಿಟ್ರೆ ಕೀವಾಗ್ತದೆ" ಅಂತ ಹೇಳಿ ಕಳಿಸಿದ್ರು. ಮನೆಗೆ ಬಂದೆ. ನಾನು ಬಂದಿದ್ದೇ ತಡ, ಲಾಂಚ್ ಕೆಟ್ಟು ಕೂತ್ಕಂತು. ಹೊಳೆ ಸಮುದ್ರ ಆಗಿತ್ತು, ದೋಣಿಯವ್ರೂ ಒಲ್ಲೆ ಅಂದ್ರು. ನಮ್ಮ ದಡದಲ್ಲಿ ಡಾಕ್ಟ್ರಿಲ್ಲ. ಅಪರೂಪಕ್ಕೆ ಬರೋ ಕಾಂಪೌಂಡ್ರು ಹೊಳೆ ಆಚೆಗೇ ಉಳಿದ್ರು. ಸುತ್ತು ದಾರೀಲಿ ಹೊಸನಗರಕ್ಕೆ ಹೋಗಣ ಅಂದ್ರೆ ಗಾಡಿ ಕುಲುಕೋದಕ್ಕೆ ಹೊಟ್ಟೆ ಬಿರಿದ್ರೆ ಎಂತ ಮಾಡದು?

ದಿನ ದಾಟ್ತು. ಹೊಲಿಗೆ ಸುತ್ತ ಕೆಂಪಾಯ್ತು, ಒಂದು ತುದೀಲಿ ಮುಟ್ಟಿದ್ರೆ ಬೆಂಕಿ. ಸೊಸೆ ಮಾಸ್ತಮ್ಮ ಓಡಿಹೋಗಿ ಕನ್ನಮ್ಮನ್ನ ಕರ್ಕಂಡು ಬಂದ್ಲು.

"ನಾನು ಗೋಣಿ ಬಿಚ್ಚೋಳು ಮಾರಾಯ್ತಿ, ಹೊಟ್ಟೆ ಬಿಚ್ಚೋಳಲ್ಲ" ಅಂತ ಅವಳು ಬಾಗ್ಲಲ್ಲೇ ನಿಂತ್ಲು.

"ನನ್ನ ಹೊಟ್ಟೇನೂ ಗೋಣಿಯಂಗೇ ಇದೆ, ಬಾರೆ" ಅಂದೆ.

"ಅತ್ತೆ ಬಾಯಿಗೂ ಎರಡು ಹೊಲಿಗೆ ಹಾಕಿ ಕಳಿಸ್ಬೇಕಿತ್ತು ಡಾಕ್ಟ್ರು" ಅಂದ್ಲು ಮಾಸ್ತಮ್ಮ. ನಗಾಡಿದ್ರೆ ಹೊಟ್ಟೆ ಎಳೀತಿತ್ತು. ನಗಲಿಲ್ಲ.

ಸಣ್ಣ ಕತ್ರಿ ಕುದಿಯೋ ನೀರಿಗೆ ಬಿತ್ತು. ಕನ್ನಮ್ಮ ಸೀಗೆಪುಡಿ ಹಾಕಿ ಮೊಣಕೈ ತನಕ ತಿಕ್ಕಿ ತೊಳ್ಕಂಡ್ಲು. ಹಗಲು ಬೆಳಕು ಬರೋ ಜಗಲೀಲಿ ನನ್ನ ಮಲಗಿಸಿ, ಮಾಸ್ತಮ್ಮ ಕಾಲು ಹಿಡ್ಕಂಡ್ಲು. ಕನ್ನಮ್ಮ ನೋವಿಲ್ಲದ ತುದಿಯ ಗಂಟು ಹುಡುಕಿ ಕುಯ್ದ್ಲು. ರೂಢಿ ನೋಡಿ, ದಾರ ಬೆರಳಿಗೆ ಸುತ್ತಿ ಎಳೆದ್ಲು. ಒಂದು ಗೇಣು ದಾರ ಬರ್ತದೆ ಅಂತ ಮೂರೂ ಜನ ಉಸಿರು ಹಿಡಿದಿದ್ವಿ. ಬಂದಿದ್ದು ಇರುವೆಯಷ್ಟು ಕರಿ ಚೂರು!

ಅವಳ ಮುಖ ಬೂದಿಯಾಯ್ತು. "ಅಯ್ಯೋ ಗುತ್ಯಕ್ಕ, ದಾರ ಒಳಗೇ ತುಂಡಾಯ್ತು!"

ಮಾಸ್ತಮ್ಮ ನನ್ನ ಕಾಲು ಬಿಟ್ಟು ದೇವ್ರ ಕಾಲು ಹಿಡ್ಯಕ್ಕೆ ಓಡಿದ್ಲು. ನಾನು? ನನ್ನ ತಿಥಿ ಊಟಕ್ಕೆ ಯಾರ್ಯಾರನ್ನ ಕರೀಬಾರ್ದು ಅಂತ ಲೆಕ್ಕ ಹಾಕ್ತಿದ್ದೆ. ಹೊರಗೆ ಮಳೆ ಹೊಡೀತಾನೇ ಇತ್ತು. ಬೆವ್ರು ಕನ್ನಮ್ಮನ ಮೂಗಿಂದ ತೊಟ್ಟಿಕ್ತಿತ್ತು. ನನ್ನ ಹೊಟ್ಟೆಗೆ ಬೀಳ್ಬಾರ್ದು ಅಂತ ಮುಖ ಆಚೆ ತಿರುಗಿಸಿ ಹೆಗಲಿಗೆ ಒರೆಸ್ಕಂಡ್ಲು. ಮತ್ತೆ ಬಗ್ಗಿದ್ಲು. ನೋಡಿದ್ಲು, ನೋಡಿದ್ಲು. ನಂಗೆ ಒಂದು ಯುಗ ಕಳೀತು.

"ಅಕ್ಕ," ಅಂದ್ಲು ಮೆಲ್ಲಗೆ, "ತುಂಡಾಗಿಲ್ಲ. ಇದು ಚೀಲದ ಹೊಲಿಗೆ ಅಲ್ಲ. ಬೇಲಿ ಕಟ್ಟಿದಂಗಿದೆ. ಗೂಟ ಗೂಟಕ್ಕೂ ಬೇರೆ ಕಟ್ಟು, ಬೇರೆ ಗಂಟು."

ಆಮೇಲೆ ಅವಳು ಎಳೆಯೋದು ಬಿಟ್ಲು. ಒಂದೊಂದೇ ಗಂಟು ಎತ್ತಿ, ಚರ್ಮಕ್ಕೆ ತಾಗದಂಗೆ ಕುಯ್ದು, ಮುಳ್ಳು ತೆಗೆದಂಗೆ ತೆಗೆದ್ಲು. ತೆಗೆದಿದ್ದನ್ನೆಲ್ಲ ಬಾಳೆಎಲೆ ಮೇಲೆ ಸಾಲಾಗಿ ಇಟ್ಲು, ಒಳಗೆಂತದೂ ಉಳೀಲಿಲ್ಲ ಅಂತ ನಂಗೆ ತೋರ್ಸಕ್ಕೆ. ಕೊನೇದಕ್ಕೆ ಬಂದು ಕತ್ರಿ ಕೆಳಗಿಟ್ಲು. ಅಲ್ಲಿ ಬಾತು, ಗಂಟು ಚರ್ಮದೊಳಗೆ ಹೂತಿತ್ತು.

"ಇದನ್ನ ಮುಟ್ಟಲ್ಲ. ಲಾಂಚ್ ಬರ್ಲಿ."

"ಒಂದ್ಕೆ ಯಾಕೆ ಹೆದರ್ತಿಯೆ, ಕುಯ್ಯೆ" ಅಂದೆ.

"ಚೀಲ ಹರಿದ್ರೆ ಹೊಲೀಬಹುದು. ನಿಮ್ಮನ್ನ ಎಂತದ್ರಲ್ಲಿ ಹೊಲೀಲಿ?" ಅಂದ್ಲು. ಆಮೇಲೆ ನನ್ನ ಕೈ ಹಿಡಿದು ಆಣೆ ಹಾಕ್ಸಿದ್ಲು: "ಆಸ್ಪತ್ರೇಲಿ ನನ್ನ ಹೆಸ್ರು ಎತ್ಬಾರ್ದು. ಗೊತ್ತಾದ್ರೆ ಪೊಲೀಸ್ನೋರು ಬರ್ತಾರೆ."

ಲಾಂಚ್ ಸರಿಯಾದ ದಿನ ಅವಳೂ ಹತ್ತಿದ್ಲು. ಆ ಒಂದು ಹೊಲಿಗೆ ಹೊರಗೆ ಬರೋ ತನಕ ಅವಳಿಗೆ ಅನ್ನ ಇಳೀತಿರಲಿಲ್ಲ. ದಾರಿಯುದ್ದಕ್ಕೂ ನನ್ನ ಮುಖ ನೋಡದೆ ನೀರು ನೋಡ್ತಿದ್ಲು.

ಮೊನ್ನೆ ಕೇಳಿದೆ, "ಕನ್ನಿ, ನಿನ್ನ ವಿಷ್ಯ ಪೇಪರಿಗೆ ಹೇಳ್ಲನಾ?"

"ಹೇಳಿ. ನೀವು ಹೇಳಿದ್ದನ್ನ ಯಾರು ನಂಬ್ತಾರೆ?"

"ನಿಂಗೆಂತ ಬೇಕು ಅಂತ ಹೇಳ್ಲಿ?"

ದಬ್ಬಣ ಬಾಯಿಂದ ತೆಗೆದ್ಲು. "ಮಳೇಲೂ ಲಾಂಚ್ ನಿಲ್ಲಬಾರ್ದು ಅಂತ ಹೇಳಿ. ಇನ್ನೊಂದು ಹೊಟ್ಟೆ ನನ್ನ ಕೈಗೆ ಬರದು ಬೇಡ."

ಲಾಂಚ್ ಹತ್ತಿ ಹೋದ ಅವತ್ತು ಸಾಗರದಲ್ಲಿ ಡಾಕ್ಟ್ರು ಕೊನೇ ಹೊಲಿಗೆ ತೆಗೆದು, ಕೀವು ಒತ್ತಿ, ಔಷಧಿ ಹಚ್ಚಿದ್ರು. ಉಳಿದ ಗಾಯ ಬೆರಳಲ್ಲಿ ಸವರಿ ನೋಡಿದ್ರು. ಎಲ್ಲಾ ಕೂಡಿತ್ತು.

"ಗುತ್ಯಮ್ಮ, ಒಂದೇ ಉಳಿದಿತ್ತು. ಮಿಕ್ಕಿದ್ದೆಲ್ಲ ಯಾರು ತೆಗೆದಿದ್ದು?"

ಬಾಗ್ಲ ಸಂದೀಲಿ ಕನ್ನಮ್ಮ ಸೆರಗು ಕಚ್ಕಂಡು ನಿಂತಿದ್ಲು. ಆಣೆ ಹಾಕಿದ ಕೈ ನಂದು, ಸುಮ್ನಿದ್ದು ಗೊತ್ತಿಲ್ಲದ ಬಾಯೂ ನಂದೇ. ಡಾಕ್ಟ್ರ ಮುಖ ನೋಡ್ದೆ, ಬಾಗ್ಲು ನೋಡ್ದೆ, ಒಂದೇ ಒಂದು ಮಾತು ಹೇಳ್ದೆ. ಡಾಕ್ಟ್ರು ಹೊಟ್ಟೆ ಹಿಡ್ಕಂಡು ನಗಾಡಿದ್ರು. ಕನ್ನಮ್ಮನ ಹಲ್ಲಿಂದ ಸೆರಗು ಜಾರ್ತು.

ಎಂತ ಹೇಳಿರ್ಬಹುದು ನಾನು? ಇಷ್ಟು ಹೊತ್ತು ನನ್ನ ಮಾತು ಕೇಳಿದ್ರಲ್ಲ, ನೀವೇ ಹೇಳಿ ನೋಡ್ವ.